ಹವಾಲ್ದಾರರ ಕಿಲ್ಟು

ನನ್ನ ಹೊಲಿಗೆ ಅಂಗಡಿಯ ಅಟ್ಟದ ಮೇಲಿನ ಚಿಂದಿ ಗಂಟುಗಳನ್ನು ಬಿಚ್ಚದೆ ಎಷ್ಟೋ ವರ್ಷವಾಗಿತ್ತು. ಮೊನ್ನೆ ಇಲಿ ಸೇರಿಕೊಂಡಿದೆಯೆಂದು ಇಳಿಸಿ ಬಿಚ್ಚಿದರೆ, ಹಳೆಯ ರವಿಕೆ ಬಟ್ಟೆಯ ಚೂರುಗಳ ನಡುವೆ ನಾಲ್ಕು ಬೆರಳು ಅಗಲದ ಉಣ್ಣೆಯ ತುಂಡೊಂದು ಸಿಕ್ಕಿತು. ಕಡು ಹಸಿರು, ಅದರ ಮೇಲೆ ನೀಲಿ ಚೌಕ, ನಡುವೆ ತೆಳ್ಳಗೆ ಒಂದು ಹಳದಿ ಗೆರೆ. ಇಲಿ ಅದನ್ನು ಮುಟ್ಟಿರಲಿಲ್ಲ. ನುಸಿಗುಳಿಗೆಯ ವಾಸನೆ ಇನ್ನೂ ಇತ್ತು. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಸ್ಟೂಲಿನ ಮೇಲೆ ಕೂತೆ.

ಅದು ನಮ್ಮ ಹವಾಲ್ದಾರರ ಕಿಲ್ಟಿನದು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಊರು ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ, ಹವಾಲ್ದಾರ್ರು ಅಂದರೆ ಸಾಕಿತ್ತು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಬಣಕಲ್ ಪೇಟೆಯಿಂದ ಎರಡು ಮೈಲಿ ಒಳಗೆ ಅವರ ಮನೆ, ಪಕ್ಕದಲ್ಲಿ ಎರಡೆಕರೆ ಕಾಫಿ. ಹತ್ತೊಂಬತ್ತನೇ ವಯಸ್ಸಿಗೆ ಸೈನ್ಯ ಸೇರಿ, ಬಂದೂಕಿಗಿಂತ ಹೆಚ್ಚು ಕಾಲ ಬ್ಯಾಗ್‌ಪೈಪ್ ಹಿಡಿದು, ತೊಂಬತ್ತನೇ ಇಸವಿ ಹೊತ್ತಿಗೆ ಪಿಂಚಣಿ ಪಡೆದು ಬಂದವರು. ಬ್ಯಾಗ್‌ಪೈಪ್ ಅಂದರೆ ಎಂತದು ಎಂದು ಕೇಳಿದವರಿಗೆಲ್ಲ, 'ಚೀಲ ಕಟ್ಟಿದ ವಾಲಗ ಅಂದ್ಕೊಳಿ' ಅನ್ನುತ್ತಿದ್ದರು. ವಾಲಗ ಸರ್ಕಾರದ್ದು, ಅಲ್ಲೇ ಉಳಿಯಿತು. ಅದನ್ನು ಊದುವಾಗ ಉಡುತ್ತಿದ್ದ ಕಿಲ್ಟನ್ನು ಮಾತ್ರ ಬ್ಯಾಂಡಿನ ಗೆಳೆಯರು ಬೀಳ್ಕೊಡುವ ದಿನ ಮಡಿಸಿ ಕೈಗೆ ಕೊಟ್ಟಿದ್ದರಂತೆ.

ಅವರಿಗೊಂದು ಅಭ್ಯಾಸವಿತ್ತು. ಯಾರೇ ಎದುರಾಗಲಿ, ಮಾತಿಗೆ ಮೊದಲು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡುವುದು, ಆಮೇಲೆ ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ ಒಂದು ತಪ್ಪು ಹೇಳುವುದು. 'ಕಾಲರ್ ಮಡಚಿದೆ.' 'ಎರಡನೇ ಗುಂಡಿ ಮೂರನೇ ಕಾಜಕ್ಕೆ ಹೋಗಿದೆ.' ಹತ್ತು ತಪ್ಪು ಕಂಡರೂ ಹೇಳುತ್ತಿದ್ದದ್ದು ಒಂದೇ. ಯಾಕೆ ಅಂದರೆ, 'ಎರಡು ಹೇಳಿದ್ರೆ ಮನುಷ್ಯ ಕುಗ್ತಾನೆ. ಒಂದಾದ್ರೆ ಸರಿ ಮಾಡ್ಕೊಂತಾನೆ' ಅನ್ನುತ್ತಿದ್ದರು. ಪೇಟೆಯಲ್ಲಿ ಈ ತಪಾಸಣೆಗೆ ಒಳಗಾಗದವರಿರಲಿಲ್ಲ. ಬ್ಯಾಂಕಿನ ಮ್ಯಾನೇಜರರಿಗೇ ಒಂದು ಸಲ ಬೂಟಿನ ಲೇಸು ತೋರಿಸಿದ್ದರು.

ಕಿಲ್ಟು ಅಂದರೆ ಸ್ಕಾಟ್ಲೆಂಡಿನ ಗಂಡಸರ ಉಡುಪು. ಮೊಣಕಾಲಿನವರೆಗೆ ಬರುತ್ತದೆ, ಮುಂದೆ ಚಪ್ಪಟೆ, ಹಿಂದೆ ಒತ್ತೊತ್ತಾಗಿ ನೆರಿಗೆ, ಸೊಂಟದ ಪಕ್ಕದಲ್ಲಿ ಚರ್ಮದ ಪಟ್ಟಿ ಮತ್ತು ಬಕಲ್ಲು. ಬ್ರಿಟಿಷರು ಬಿಟ್ಟುಹೋದ ಎಷ್ಟೋ ಸಾಮಾನಿನ ಜೊತೆ ಇದೂ ನಮ್ಮ ಸೈನ್ಯದ ಕೆಲವು ಬ್ಯಾಂಡುಗಳಲ್ಲಿ ಉಳಿದುಕೊಂಡಿತು. ಹವಾಲ್ದಾರರಿಗೆ ಅದು ಮೈಗೆ ಒಗ್ಗಿಹೋಗಿತ್ತು. ಊರಿಗೆ ಬಂದ ಮೊದಲೆರಡು ವರ್ಷ, ಪೇಟೆಗೆ ಹೊರಟರೆ ಅದೇ. ಮೇಲೆ ಇಸ್ತ್ರಿ ಮಾಡಿದ ಬಿಳಿ ಷರಟು, ಕಾಲಿಗೆ ಉದ್ದ ಕಾಲುಚೀಲ, ಕರಿ ಬೂಟು. ಮಳೆಗಾಲದಲ್ಲಿ ಇಂಬಳದ ಕಾಟ ಶುರುವಾದಾಗಂತೂ ಅವರಿಗೆ ಇನ್ನೂ ಉಮೇದು. 'ಪ್ಯಾಂಟಿನೋರಿಗೆ ಇಂಬಳ ಕಚ್ಚಿದ್ದು ಮನೆಗೆ ಹೋಗಿ ಬಿಚ್ಚಿದ್ಮೇಲೆ ಗೊತ್ತಾಗೋದು. ನಂಗೆ ಅಲ್ಲೇ ಕಾಣ್ತದೆ, ಅಲ್ಲೇ ಕೀಳ್ತೀನಿ' ಅನ್ನುತ್ತಿದ್ದರು.

ಜನ ನಗುತ್ತಿದ್ದರು. ನಗುತ್ತಿದ್ದವರು ಯಾರು ಅಂದರೆ, ಬಸ್ ಸ್ಟ್ಯಾಂಡಿನ ಟೀ ಅಂಗಡಿ ಬೆಂಚಿನ ಮೇಲೆ ಪಂಚೆಯನ್ನೋ ಲುಂಗಿಯನ್ನೋ ಮೊಣಕಾಲಿನಿಂದ ಮೇಲೆ ಎತ್ತಿ ಕಟ್ಟಿ ಕೂತವರು. ಟೇಪು ಹಿಡಿದು ಅಳೆದರೆ ಅವರದೇ ಕಿಲ್ಟಿಗಿಂತ ಗೇಣು ಗಿಡ್ಡ. ಅವರದು ಗಂಡಸರ ಉಡುಪು, ಇವರದು ಲಂಗ. ಹೊಲಿಗೆ ಕೆಲಸದಲ್ಲಿ ಮೂವತ್ತು ವರ್ಷ ಕಳೆದ ನನಗೆ ಈ ನ್ಯಾಯ ಇನ್ನೂ ಅರ್ಥವಾಗಿಲ್ಲ. ಆದರೆ ಆ ನಗು ಬೆನ್ನ ಹಿಂದಿನದು, ಹವಾಲ್ದಾರರು ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮುಖದ ಎದುರಿಗೆ ನಗು ಬಂದದ್ದು ಮೂಡಿಗೆರೆಯ ಒಂದು ಛತ್ರದಲ್ಲಿ.

ನಮ್ಮ ಕಡೆ ಒಂದು ರೂಢಿಯಿದೆ. ಹಿರಿಯರೋ ತೋಟದ ಸಾವ್ಕಾರರೋ ಎದುರಾದರೆ ಎತ್ತಿ ಕಟ್ಟಿದ ಪಂಚೆಯನ್ನು ಕೆಳಕ್ಕೆ ಇಳಿಬಿಡಬೇಕು. ಕೈ ಮುಗಿಯದಿದ್ದರೂ ನಡೆದೀತು, ಪಂಚೆ ಇಳಿಯಲೇಬೇಕು. ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ, ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ. ಆವತ್ತು ಮದುವೆ ಊಟದ ಹೊತ್ತಿಗೆ ನಮ್ಮ ಕಡೆಯ ದೊಡ್ಡ ತೋಟದ ಸಾವ್ಕಾರರು ಒಳಗೆ ಬಂದರು. ಬಾಗಿಲ ಬಳಿ ಸಾಲಾಗಿ ನಿಂತಿದ್ದ ಗಂಡಸರ ಪಂಚೆಗಳು ಒಂದಾದ ಮೇಲೊಂದು ಇಳಿದವು. ಸಾಲಿನ ಕೊನೆಯಲ್ಲಿ ಹವಾಲ್ದಾರರು. ಇಳಿಸಲು ಅವರ ಬಳಿ ಏನೂ ಇರಲಿಲ್ಲ. ಅವರಿಗೆ ಗೊತ್ತಿದ್ದ ಮರ್ಯಾದೆ ಒಂದೇ, ಹಿಮ್ಮಡಿ ಕೂಡಿಸಿ ಸಲ್ಯೂಟ್ ಹೊಡೆದರು.

ಸಾವ್ಕಾರರು ನಿಂತರು. ಕೆಟ್ಟ ಮನುಷ್ಯರಲ್ಲ, ಆದರೆ ಸುತ್ತ ನಾಲ್ಕು ಜನ ಇದ್ದರೆ ತಮಾಷೆ ಮಾಡದೆ ಇರಲಾರದವರು.

'ಎಂತದೋ ಮಾರಾಯ ಇದು? ಎಲ್ರದ್ದೂ ಇಳೀತು, ನಿಂದು ಇಳಿಯೋದೇ ಇಲ್ವಾ? ಹೆಂಡ್ತಿ ಲಂಗ ಗಿಡ್ಡ ಆಯ್ತಾ ಹೆಂಗೆ?'

ಛತ್ರಕ್ಕೆ ಛತ್ರವೇ ನಕ್ಕಿತು. ಬಡಿಸುವವರು ಸಾರಿನ ಬಕೆಟ್ ಕೆಳಗಿಟ್ಟು ನಕ್ಕರು. ಹೆಂಗಸರ ಪಂಕ್ತಿಯಲ್ಲಿ ಕೂತಿದ್ದ ನಾನೂ ನಕ್ಕೆ, ಅದನ್ನು ಮುಚ್ಚಿಡುವುದಿಲ್ಲ. ಹವಾಲ್ದಾರರ ಕೈ ಹಣೆಯ ಹತ್ತಿರವೇ ಉಳಿದಿತ್ತು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಇಳಿಸಿ, ಊಟಕ್ಕೆ ಕೂರದೆ ಹೊರಟುಹೋದರು.

ಮುಂದಿನ ವಾರದಿಂದ ಪ್ಯಾಂಟು ಬಂತು. ಬೂದು ಬಣ್ಣದ, ಮಂಡಿಯ ಹತ್ತಿರ ಜೋಲುಬಿದ್ದ ಪ್ಯಾಂಟು. ಅದರಲ್ಲಿ ಅವರು ರಸ್ತೆಯ ಅಂಚು ಹಿಡಿದು ನಡೆಯುತ್ತಿದ್ದರು. ತಪಾಸಣೆಯೂ ನಿಂತಿತು. ಯಾರ ಗುಂಡಿ ಯಾವ ಕಾಜಕ್ಕೆ ಹೋದರೂ ಹವಾಲ್ದಾರರು ನೆಲ ನೋಡಿಕೊಂಡು ದಾಟಿಹೋಗುತ್ತಿದ್ದರು. ಹೀಗೆ ಆರು ವರ್ಷ.

ಆಮೇಲೊಂದು ದಿನ, ಮಳೆ ಬಿಟ್ಟ ಮೇಲೆ, ನನ್ನ ಅಂಗಡಿಯ ಮುಂದೆ ರಸ್ತೆ ಕಡೆ ಮುಖ ಮಾಡಿ ಯಾರೋ ನಿಂತದ್ದು ಕಂಡಿತು. ಕಂಕುಳಲ್ಲಿ ಪೇಪರು ಸುತ್ತಿದ ಪೊಟ್ಟಣ. ನನ್ನದು ಲೇಡೀಸ್ ಟೈಲರಿಂಗ್. ಒಳಗಿದ್ದ ಹೆಂಗಸರೆಲ್ಲ ಹೊರಟ ಮೇಲೆ ಹವಾಲ್ದಾರರು ತಿರುಗಿ, ಚಪ್ಪಲಿ ಬಿಟ್ಟು, ಒಳಗೆ ಬಂದರು. ಎದುರಿನ ಜೆಂಟ್ಸ್ ಟೈಲರ್, 'ನೆರಿಗೆ ಕೆಲ್ಸ ಎಲ್ಲ ಆ ಕಡೆ' ಎಂದು ನನ್ನ ಅಂಗಡಿ ತೋರಿಸಿ ಕಳಿಸಿದ್ದನಂತೆ. ಅವನು ಹೊಲಿದ ಪ್ಯಾಂಟೇ ಆ ಜೋಲು ಪ್ಯಾಂಟು, ಅವನಿಗೆ ಇಷ್ಟು ಕೊಬ್ಬು.

'ಟೈಲರಮ್ಮ, ಇದನ್ನ ಒಂಚೂರು ನೋಡ್ತೀರಾ? ಉಡೋಕಲ್ಲ. ಸುಮ್ನೆ ಹಾಳಾಗೋದು ಬೇಡ ಅಂತ ಅಷ್ಟೇ.'

ಬಿಚ್ಚಿದೆ. ಆರು ಮಳೆಗಾಲ ಟ್ರಂಕಿನಲ್ಲಿದ್ದ ಉಣ್ಣೆ. ಬೂಷ್ಟು ಹಿಡಿದು ಬೆಳ್ಳಗಾಗಿತ್ತು, ನುಸಿ ಹನ್ನೊಂದು ಕಡೆ ತೂತು ಮಾಡಿತ್ತು. ಆದರೆ ಹಿಂಬದಿ ತಿರುಗಿಸಿ ಎಣಿಸಿದೆ. ಇಪ್ಪತ್ತೇಳು ನೆರಿಗೆ. ಒಂದೊಂದು ಮಡಿಕೆಯಲ್ಲೂ ಚೌಕಕ್ಕೆ ಚೌಕ, ಗೆರೆಗೆ ಗೆರೆ ಕೂಡುವ ಹಾಗೆ ಮಡಿಸಿ ಹೊಲಿದಿದ್ದರು. ಆ ಕೆಲಸ ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಯಾರು ಹೊಲಿದರೋ ಅವರ ಮೇಲೆ ಹೊಟ್ಟೆಕಿಚ್ಚೂ ಆಯಿತು, ಅದನ್ನು ಟ್ರಂಕಿಗೆ ತುರುಕಿದವರ ಮೇಲೆ ಸಿಟ್ಟೂ ಬಂತು.

ಕಿಲ್ಟಿನ ಒಳ ಮಡಿಕೆಯ ಅಂಚಿನಿಂದ ಒಂದು ಪಟ್ಟಿ ಕತ್ತರಿಸಿ ತೆಗೆದು, ಅದರ ಎಳೆಗಳನ್ನೇ ಬಿಡಿಸಿಕೊಂಡು, ಒಂದೊಂದೇ ತೂತನ್ನು ಸೂಜಿಯಲ್ಲಿ ನೇಯ್ದು ಮುಚ್ಚಿದೆ. ಎರಡು ವಾರ ಹಿಡಿಯಿತು. ಉಳಿದ ಪಟ್ಟಿಯೇ ಮೊನ್ನೆ ಗಂಟಿನಲ್ಲಿ ಸಿಕ್ಕಿದ ತುಂಡು. ಒಯ್ಯಲು ಬಂದಾಗ, ಟ್ರಯಲ್ ನೋಡದೆ ನಾನು ಯಾವ ಬಟ್ಟೆಯನ್ನೂ ಕೊಡುವುದಿಲ್ಲ ಅಂದೆ. ಅದು ಸುಳ್ಳು. ಎಷ್ಟೋ ಜಂಪರು ಟ್ರಯಲ್ ಇಲ್ಲದೆಯೇ ಹೋಗಿ, ಬೈಸಿಕೊಂಡು ವಾಪಸು ಬಂದಿವೆ. ಹವಾಲ್ದಾರರು ಬಾಗಿಲು ನೋಡಿದರು, ಪರದೆ ನೋಡಿದರು, ಮುಂದಿನ ಮಂಗಳವಾರ ಹೆಂಡತಿಯನ್ನು ಕರೆದುಕೊಂಡು ಬರುತ್ತೇನೆ ಎಂದು ಹೋದರು.

ಬಂದರು. ಪರದೆಯ ಹಿಂದೆ ಉಟ್ಟು ಹೊರಗೆ ಬಂದು ನನ್ನ ಮುಂದೆ ಮಂಡಿಯೂರಿ ನೆಟ್ಟಗೆ ನಿಂತುಬಿಟ್ಟರು. ನಾನು ಗಾಬರಿಯಾದೆ. ಕಿಲ್ಟಿನ ಉದ್ದ ಅಳೆಯುವುದೇ ಹಾಗಂತೆ, ಮಂಡಿಯೂರಿದಾಗ ಅಂಚು ನೆಲಕ್ಕೆ ತಾಗದೆ ಒಂದಂಗುಲ ಮೇಲಿರಬೇಕು. ನಾನು ನೆಲಕ್ಕೆ ಬಗ್ಗಿ ಟೇಪು ಹಿಡಿದಿರುವಾಗ, ಸೀರೆಗೆ ಫಾಲ್ಸ್ ಹಾಕಿಸಲು ಒಬ್ಬ ಅಜ್ಜಿ ಒಳಗೆ ಬಂದರು. ಒಂದು ಗಳಿಗೆ ನೋಡಿ, 'ಎಂತ ಮಾರಾಯ್ತಿ, ಗಂಡಸ್ರನ್ನ ಮಂಡಿಯೂರಿಸೋಕೆ ಶುರು ಮಾಡಿದ್ಯಾ? ನಮ್ಮನೇರಿಗೂ ಹೇಳಿ ಕಳಿಸ್ಲಾ?' ಅಂದರು. ಹವಾಲ್ದಾರರ ಹೆಂಡತಿ ಅವರೆಕಾಯಿ ಸುಲಿಯುತ್ತಾ ಬೆಂಚಿನ ಮೇಲೆ ಕೂತಿದ್ದರು. 'ನಮ್ಮನೇಲಿ ನನ್ ಲಂಗಕ್ಕೆ ಇಸ್ತ್ರಿ ಇಲ್ಲ ಅಜ್ಜಿ, ಇವರದಕ್ಕೆ ವಾರಕ್ಕೆರಡು ಸಲ ಇತ್ತು' ಅಂದರು. ಹವಾಲ್ದಾರರೂ ನಕ್ಕರು. ಆರು ವರ್ಷದ ಮೇಲೆ ನಾನು ಅವರ ಹಲ್ಲು ನೋಡಿದ್ದು.

ಅಜ್ಜಿ ಹೋದ ಮೇಲೆ ಕೇಳಿದೆ, 'ಯಾಕೆ ಬಿಟ್ರಿ ಹವಾಲ್ದಾರ್ರೇ?'

'ಛತ್ರದಲ್ಲಿ ನೀವೂ ಇದ್ರಲ್ಲ. ಬಾಯಿಗೆ ಸೆರಗು ಇಟ್ಕೊಂಡಿದ್ರಿ.'

ತಪ್ಪಾಯ್ತು ಅಂದೆ.

'ನಕ್ಕಿದ್ದಕ್ಕಲ್ಲ ಬಿಡಿ. ಎದುರಿನೋರು ಸಲ್ಯೂಟ್ ವಾಪಸ್ ಕೊಟ್ಮೇಲೇ ನಾವು ಕೈ ಇಳಿಸೋದು. ಆವತ್ತು ಎತ್ತಿದ್ ಕೈನ ಹೆಂಗೆ ಇಳಿಸ್ಬೇಕು ಅಂತ ಗೊತ್ತಾಗ್ಲಿಲ್ಲ ನೋಡಿ. ಇಪ್ಪತ್ತು ವರ್ಷದಲ್ಲಿ ನಂಗೆ ಹಂಗಾಗಿರ್ಲಿಲ್ಲ. ಅದ್ರ ಮೇಲೆ ಇದನ್ನ ಕೈಗೆ ತಗೊಂಡ್ರೆ ಸಾಕು, ಬೆವರು ಬರೋದು.'

ಕಿಲ್ಟನ್ನು ಮನೆಗೆ ಒಯ್ಯಲಿಲ್ಲ. ಇಲ್ಲೇ ಇರಲಿ ಎಂದು ನಾನೇ ಹ್ಯಾಂಗರಿಗೆ ಹಾಕಿದೆ. ಅಲ್ಲಿಂದ ಪ್ರತಿ ಮಂಗಳವಾರ ಗಂಡ ಹೆಂಡತಿ ಬರುವುದು, ಹವಾಲ್ದಾರರು ಪರದೆಯ ಹಿಂದೆ ಅದನ್ನು ಉಟ್ಟು ಅಲ್ಲೇ ಕೂತು ಪೇಪರು ಓದುವುದು. ಮೂರನೇ ವಾರ ಪರದೆಯಿಂದ ಈಚೆಗೆ ಬಂದರು. ಆಮೇಲೆ ಹಿತ್ತಲ ಬಾವಿಕಟ್ಟೆಯವರೆಗೆ ಹೋಗಿ ಬಂದರು. ಒಂದು ದಿನ ಅಂಗಡಿಯ ಮೆಟ್ಟಿಲವರೆಗೆ ಬಂದು, ಕೊನೆಯ ಮೆಟ್ಟಿಲಿನ ಮೇಲೆ ಬೂಟು ಊರಿ, ರಸ್ತೆ ನೋಡಿ, 'ಇವತ್ತಿಗೆ ಸಾಕು' ಎಂದು ಒಳಗೆ ಬಂದರು. ಆ ಕೊನೆಯ ಮೆಟ್ಟಿಲಲ್ಲೇ ಎರಡು ತಿಂಗಳು ಕಳೆಯಿತು.

ಈ ನಡುವೆ ಸುದ್ದಿ ಹೈಸ್ಕೂಲು ಹೆಡ್ಮಾಸ್ತರರ ಕಿವಿಗೆ ಬಿದ್ದು, ಅವರೇ ಅಂಗಡಿಗೆ ಬಂದರು. ಜನವರಿ ಇಪ್ಪತ್ತಾರಕ್ಕೆ ಹವಾಲ್ದಾರರು ಅದನ್ನು ಉಟ್ಟು ಬರಬೇಕು, ಮಕ್ಕಳ ಎದುರು ಹಾರ ಹಾಕುತ್ತೇವೆ ಅಂದರು. ಒಳ್ಳೆಯ ಮಾತೇ. ಹವಾಲ್ದಾರರು ಒಪ್ಪಲಿಲ್ಲ.

'ಇಪ್ಪತ್ತಾರನೇ ತಾರೀಕು ಹಾಕಿದ್ರೆ ಅದು ವೇಷ ಸಾರ್. ಮಂಗಳವಾರ ಹಾಕ್ಕೊಂಡು ಸೊಪ್ಪು ತರೋಕೆ ಬಂದ್ರೆ ಬಟ್ಟೆ. ನಂಗೆ ಬಟ್ಟೆಯಾಗೇ ಬೇಕು. ಆಗ್ಲಿಲ್ಲ ಅಂದ್ರೆ ಬ್ಯಾಡ.'

ಅವರಿಗೆ ಏನು ಬೇಕಾಗಿತ್ತು ಎನ್ನುವುದು ನನಗೆ ಸರಿಯಾಗಿ ತಿಳಿದದ್ದು ಆಗ.

ಇನ್ನು ನನ್ನ ವಿಷಯ. ಆ ವರ್ಷಗಳಲ್ಲಿ ಕಾಲೇಜಿಗೆ ಹೋಗುವ ಹುಡುಗಿಯರಿಗೆಲ್ಲ ಚೂಡಿದಾರ್ ಹೊಲಿದದ್ದು ನಾನೇ. ಮದುವೆಯಾದ ಹೆಂಗಸರು ಹಾಕುವಂತಿರಲಿಲ್ಲ. ಹಾಕಬಾರದೆಂದು ಯಾರೂ ಬರೆದಿಟ್ಟಿರಲಿಲ್ಲ, ಹಾಕುತ್ತಿರಲಿಲ್ಲ ಅಷ್ಟೇ. ಒಮ್ಮೆ ಮನೆಯಲ್ಲಿ ಆ ಮಾತೆತ್ತಿದಾಗ ನಮ್ಮತ್ತೆ, 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂದು ಮುಗಿಸಿಬಿಟ್ಟಿದ್ದರು. ನನಗೋ ಮೂವತ್ತೆಂಟು, ಹೈಸ್ಕೂಲಿಗೆ ಹೋಗುವ ಮಗಳು. ಒಂದು ಮಂಗಳವಾರ, ಹೊಲಿದು ಮುಗಿಸಿದ ಚೂಡಿದಾರೊಂದನ್ನು ಕನ್ನಡಿ ಮುಂದೆ ಮೈಗೆ ಹಿಡಿದು ನೋಡಿಕೊಳ್ಳುತ್ತಿದ್ದೆ. ಪೇಪರಿನ ಮೇಲಿಂದ ಹವಾಲ್ದಾರರ ಕಣ್ಣು ಬಿತ್ತು.

'ನೀವು ಯಾಕೆ ಹಾಕಲ್ಲ?'

'ಹೊಲ್ಕೊಂಡಿದೀನಿ. ನೀಲಿದು, ಬಿಳಿ ಚುಕ್ಕಿ. ಬೀರು ಅಡಿಯಲ್ಲಿದೆ.'

'ಅಂದ್ರೆ ನಿಮ್ದೂ ಟ್ರಂಕಿಗೆ ಹೋಗಿದೆ ಅನ್ನಿ.'

ಅವರ ಹೆಂಡತಿಯೇ ಪಂಚಾಯ್ತಿ ಮಾಡಿದ್ದು. 'ಇಬ್ರೂ ಒಟ್ಟಿಗೆ ಹಾಕ್ಕೊಳಿ ಮಾರಾಯ್ರೇ. ನಗೋರಿಗೆ ಯಾರನ್ನ ನೋಡಿ ನಗೋದು ಅಂತ ಗೊತ್ತಾಗ್ಬಾರ್ದು' ಅಂದರು. ಮುಂದಿನ ಮಂಗಳವಾರ ಹತ್ತೂವರೆಗೆ ಎಂದು ಮಾತಾಯಿತು. ಅವರು ಮನೆಯಿಂದಲೇ ಉಟ್ಟುಕೊಂಡು ನಡೆದು ಬರುವುದು, ನಾನು ಚೂಡಿದಾರಿನಲ್ಲಿ ಮೆಟ್ಟಿಲ ಮೇಲೆ ನಿಂತಿರುವುದು. ಅಲ್ಲಿಂದ ಮೂವರೂ ಹೋಗಿ ಟೀ ಕುಡಿಯುವುದು. ಆವತ್ತು ಕಿಲ್ಟು ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ಹೋಯಿತು.

ಮಂಗಳವಾರ ನಾನು ಬೇಗ ಬಂದೆ. ಪರದೆಯ ಹಿಂದೆ ನೀಲಿ ಚೂಡಿದಾರ್ ಹಾಕಿಕೊಂಡೆ, ದುಪಟ್ಟಾಕ್ಕೆ ಪಿನ್ ಹಾಕಿದೆ, ಕನ್ನಡಿ ನೋಡಿದೆ. ಚೆನ್ನಾಗಿಯೇ ಕಾಣುತ್ತಿದ್ದೆ. ಆಮೇಲೆ ಪರದೆಯ ಸಂದಿನಿಂದ ರಸ್ತೆ ನೋಡಿದೆ. ಟೀ ಅಂಗಡಿಯ ಬೆಂಚು ತುಂಬಿತ್ತು. ಎದುರಿನ ಜೆಂಟ್ಸ್ ಟೈಲರ್ ಬಾಗಿಲಲ್ಲೇ ನಿಂತು ಹಲ್ಲಿಗೆ ಕಡ್ಡಿ ಹಾಕುತ್ತಿದ್ದ. ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಚೂಡಿದಾರ್ ಬಿಚ್ಚಿ ಸೀರೆ ಉಟ್ಟುಕೊಂಡೆ.

ಹತ್ತೂವರೆಗೆ ಸರಿಯಾಗಿ ಹವಾಲ್ದಾರರು ಬಂದರು. ಹೆಂಡತಿ ಎರಡು ಹೆಜ್ಜೆ ಹಿಂದೆ, ಸೊಪ್ಪಿನ ಚೀಲ ಹಿಡಿದು. ರಸ್ತೆಯ ಅಂಚಿನಲ್ಲಲ್ಲ, ನಡುವಿನಲ್ಲಿ, ಕೈ ಬೀಸಿಕೊಂಡು, ನೆರಿಗೆ ಅತ್ತಿತ್ತ ಆಡಿಸಿಕೊಂಡು ಬಂದು ನನ್ನ ಅಂಗಡಿಯ ಮುಂದೆ ನಿಂತರು. ಸೀರೆಯಲ್ಲಿದ್ದ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆರು ವರ್ಷದಿಂದ ನಿಂತಿದ್ದ ತಪಾಸಣೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು ನನಗೆ.

'ಟೈಲರಮ್ಮ,' ಎಂದು ಮೆಲ್ಲಗೆ ಅಂದರು, 'ನಿಮ್ ಬೋರ್ಡು ಎಡಕ್ಕೆ ವಾಲಿದೆ.'

ಅಷ್ಟು ಹೇಳಿ ಟೀ ಅಂಗಡಿ ಕಡೆ ನಡೆದರು. ಬೆಂಚಿನ ಮೇಲೆ ಯಾರೋ ಸಿಳ್ಳೆ ಹಾಕಿದರು. ಅದೇ ಹೊತ್ತಿಗೆ ಸಾವ್ಕಾರರ ಜೀಪು ಬಂದು ನಿಲ್ಲಬೇಕೆ? ಬೆಂಚಿನವರು ಎದ್ದರು, ಪಂಚೆಗಳು ಸಾಲಾಗಿ ಇಳಿದವು. ಹವಾಲ್ದಾರರು ಹಿಮ್ಮಡಿ ಕೂಡಿಸಿ ಸಲ್ಯೂಟ್ ಹೊಡೆದರು. ಸಾವ್ಕಾರರಿಗೆ ವಯಸ್ಸಾಗಿತ್ತು, ತಮಾಷೆ ಹೋಗಿರಲಿಲ್ಲ.

'ಇನ್ನೂ ಇಳಿಯೋದಿಲ್ವೇನೋ ಅದು?'

'ಇಲ್ಲ ಅಯ್ಯ. ಇದನ್ನ ಇಳಿಸೋ ಪದ್ಧತಿ ಇಲ್ಲ. ಇದ್ರಲ್ಲಿ ಮರ್ಯಾದೆ ಕೊಡೋದು ಅಂದ್ರೆ ಸಲ್ಯೂಟೇ. ಆವತ್ತೂ ಅದನ್ನೇ ಕೊಟ್ಟಿದ್ದೆ.'

ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದವರಿಗೆ ತಿಳಿಸುವ ಹಾಗಿತ್ತು. ಬೆಂಚಿನವರು ನಗಲೋ ಬೇಡವೋ ಎಂದು ಸಾವ್ಕಾರರ ಮುಖ ನೋಡುತ್ತಿದ್ದರು. ಆಮೇಲೆ ಸಾವ್ಕಾರರು ಎರಡು ಬೆರಳನ್ನು ಹಣೆಯವರೆಗೆ ತಂದು ಇಳಿಸಿ, ಜೀಪು ಬಿಟ್ಟುಕೊಂಡು ಹೋದರು. ಹವಾಲ್ದಾರರ ಕೈ ಆಗ ಇಳಿಯಿತು, ಇಳಿಯಬೇಕಾದ ಹಾಗೆ. ನಿಂತೇ ಟೀ ಕುಡಿದರು, ಎರಡು ಕಟ್ಟು ದಂಟಿನ ಸೊಪ್ಪು ಕೊಂಡರು, ಮನೆಗೆ ಹೋದರು. ನಾನು ಒಳಗೆ ಹೋಗಿ ಪರದೆಯ ಹಿಂದೆ ಕೂತು ಅತ್ತೆ. ಸಂತೋಷವೂ ಇತ್ತು, ನಾಚಿಕೆ ಅದಕ್ಕಿಂತ ಹೆಚ್ಚಿತ್ತು.

ಅಲ್ಲಿಂದ ಮುಂದೆ ಮಂಗಳವಾರವೆಂದಿಲ್ಲ, ಎಲ್ಲ ದಿನವೂ ಕಿಲ್ಟೇ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಯಾರೂ ತಿರುಗಿ ನೋಡದ ಹಾಗಾಯಿತು. ಹೊಸದಾಗಿ ಬಂದ ಕಂಡಕ್ಟರ್ ಯಾರಾದರೂ ನಕ್ಕರೆ ಬೆಂಚಿನವರೇ, 'ಸುಮ್ನಿರೋ ಮಾರಾಯ, ಅವ್ರು ನಮ್ ಹವಾಲ್ದಾರ್ರು' ಎಂದು ಗದರುತ್ತಿದ್ದರು. ಗುಂಡಿ, ಕಾಲರು, ಲೇಸು ಎಲ್ಲ ಮತ್ತೆ ತಪಾಸಣೆಗೆ ಬಂದವು. ಬಕಲ್ಲು ಬಿಗಿ ಮಾಡಿಸಲು, ಅಂಚು ಹಾಕಿಸಲು ನನ್ನ ಅಂಗಡಿಗೆ ಬರುತ್ತಲೇ ಇದ್ದರು. ನಾನು ಬೋರ್ಡು ಸರಿ ಮಾಡಿಸಿದ್ದೆ. ಆ ಮಂಗಳವಾರದ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ, ನನಗೆ ಅದೇ ಕಷ್ಟವಾಗುತ್ತಿತ್ತು.

ವರ್ಷಗಳು ಹೋದವು. ಅವರಿಗೆ ಉಸಿರಿನ ತೊಂದರೆ ಬಂತು. ಬ್ಯಾಗ್‌ಪೈಪಿನ ಅಷ್ಟು ದೊಡ್ಡ ಚೀಲಕ್ಕೆ ಉಸಿರು ತುಂಬಿಸುತ್ತಿದ್ದ ಮನುಷ್ಯನಿಗೆ ಮನೆಯಿಂದ ಗೇಟಿನವರೆಗೆ ಬರುವುದೂ ಆಗದಾಯಿತು. ಕಿಲ್ಟು ಸೊಂಟದಲ್ಲಿ ನಿಲ್ಲುತ್ತಿಲ್ಲ, ಪಟ್ಟಿ ಒಳಗೆ ತಗೊಳ್ಳಬೇಕು ಎಂದು ಅವರ ಹೆಂಡತಿ ತಂದುಕೊಟ್ಟು ಹೋದರು. ಹೊಲಿದಿಟ್ಟೆ. ಕೊಡುವ ದಿನ ಬೀರುವಿನ ಅಡಿಯಿಂದ ನೀಲಿ ಚೂಡಿದಾರ್ ತೆಗೆದೆ. ಮೈಗೆ ಬಿಗಿಯಾಗಿತ್ತು. ಎರಡೂ ಪಕ್ಕ ಹೊಲಿಗೆ ಬಿಚ್ಚಿ ಅಗಲ ಮಾಡಿದೆ, ಹಾಕಿಕೊಂಡು ಪೇಟೆಯ ನಡುವೆ ನಡೆದು ಬಸ್ಸು ಹತ್ತಿದೆ. ಒಬ್ಬರೂ ನೋಡಲಿಲ್ಲ. ಅಷ್ಟು ಹೊತ್ತಿಗೆ ಊರಿನ ಅರ್ಧ ಹೆಂಗಸರು ಚೂಡಿದಾರಿಗೆ ಬಂದಾಗಿತ್ತು, ಬಸ್ಸಿನಲ್ಲೇ ನಾಲ್ಕು ಜನ ಇದ್ದರು. ನಾನು ಮಾತ್ರ ಇಳಿಯುವವರೆಗೂ ಕಿಲ್ಟಿನ ಪೊಟ್ಟಣವನ್ನು ಎದೆಗೆ ಅವಚಿಕೊಂಡೇ ಇದ್ದೆ.

ಹವಾಲ್ದಾರರು ಜಗಲಿಯಲ್ಲಿ ಕುರ್ಚಿಗೆ ಒರಗಿದ್ದರು, ಕಾಲಿನ ಮೇಲೆ ಕಂಬಳಿ. ನಾನು ಮೆಟ್ಟಿಲ ಕೆಳಗೆ ಅಂಗಳದಲ್ಲಿ ನಿಂತೆ. ಯಾಕೋ ಹಿಮ್ಮಡಿ ಕೂಡಿಸಿ ನಿಂತಿದ್ದೆ. ಅವರು ತಲೆಯಿಂದ ಶುರು ಮಾಡಿದರು. ದುಪಟ್ಟಾ, ಪಿನ್, ತೋಳಿನ ಹೊಲಿಗೆ, ಬಿಚ್ಚಿ ಅಗಲ ಮಾಡಿದ ಪಕ್ಕ, ಕಾಲಿನ ಅಂಚು, ಚಪ್ಪಲಿ. ಬಹಳ ಹೊತ್ತು ತೆಗೆದುಕೊಂಡರು. ಒಳಗಿಂದ ಬಂದ ಅವರ ಹೆಂಡತಿ ಬಾಗಿಲಲ್ಲೇ ನಿಂತರು.

'ಒಂದೇ ತಪ್ಪು' ಅಂದರು ಹವಾಲ್ದಾರರು. ಉಸಿರು ಕೂಡಿಸಿಕೊಂಡು, ಮೆಲ್ಲಗೆ, ನನಗೆ ಮಾತ್ರ ಕೇಳುವಷ್ಟು. 'ಎಂಟು ವರ್ಷ ಲೇಟು.'

ಆಮೇಲೆ ಕಿಲ್ಟಿಗೆ ಕೈ ಚಾಚಿದರು.